ಹೆಸರಿಗೆ ಅರ್ಥ ಬೇಡವೇ?

ಮಗು ಹುಟ್ಟಿದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮವರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಯಾವ ಹೆಸರನ್ನು ಇಡತಕ್ಕದ್ದು ಎಂಬ ವಿಚಾರವು ಹಿಂದೆ ಹೆಚ್ಚು ಹೊತ್ತನ್ನು ಹಿಡಿಯುತ್ತಿರಲಿಲ್ಲ. ಅಜ್ಜನ ಹೆಸರೋ, ಅಜ್ಜಿಯ ಹೆಸರೋ, ಮನೆದೇವರ ಹೆಸರೋ ಸಿದ್ಧವಾಗಿಯೇ ಇರುತ್ತಿತ್ತು. ಈಗಿನ ವಿದ್ಯಾವಂತರ ಮನೆಗಳಲ್ಲಿ ಈ ಕ್ರಮವು ಸಡಿಲವಾಗಿ, ಎರಡು ಬಗೆಯ ಶಬ್ದಗಳು ಮುಂದಕ್ಕೆ ಬಂದಿವೆ. ಮಳೆ, ಗಾಳಿ, ಮಂಜು, ಋತುಗಳನ್ನು ಹೇಳುವ ಶಬ್ದಗಳು ಒಂದು ಬಗೆ: ವರ್ಷಾ, ಮೇಘಾ, ತುಷಾರ, ಸಮೀರ, ಪವನ, ಶರತ್, ಹೇಮಂತ, ಶಿಶಿರ. ಗುಣಗಳನ್ನು ಹೇಳುವ ಶಬ್ದಗಳು ಮತ್ತೊಂದು ಬಗೆ: ಸಹನಾ, ಕ್ಷಮಾ, ಶ್ರದ್ಧಾ, ಕರುಣಾ, ನಮ್ರತಾ, ವಿನಯ, ಧೀರಜ.

ಇದನ್ನು ಕುರಿತು ಹಿರಿಯರಲ್ಲಿ ಒಂದು ಪಕ್ಷವೂ ಕಿರಿಯರಲ್ಲಿ ಒಂದು ಪಕ್ಷವೂ ಏರ್ಪಟ್ಟಿವೆ. ದೇವರ ಹೆಸರನ್ನು ಬಿಟ್ಟು ಮಳೆಗಾಳಿಗಳ ಹೆಸರನ್ನಿಡುವುದು ಧರ್ಮಲೋಪವೆಂದು ಹಿರಿಯರ ಪಕ್ಷ. ಕಿವಿಗೆ ಇಂಪಾಗಿದ್ದು, ಕೇರಿಯಲ್ಲಿ ಮತ್ತೊಬ್ಬರಿಗೆ ಇಲ್ಲದ ಹೆಸರಾದರೆ ಸಾಕು, ಉಳಿದ ವಿಚಾರವೆಲ್ಲ ವ್ಯರ್ಥವೆಂದು ಕಿರಿಯರ ಪಕ್ಷ. ಇವೆರಡೂ ತಪ್ಪೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಹೆಸರು ಎಂಬುದು ಮೊದಲು ಒಂದು ಮಾತು. ಇಟ್ಟವರಿಗೆ ಅದರ ಅರ್ಥ ತಿಳಿದಿರಬೇಕು. ಕರೆಯಿಸಿಕೊಂಡವರಿಗೆ ಅದರಿಂದ ಹೊರೆಯಾಗಬಾರದು. ಇಷ್ಟನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಹಿರಿಯರ ಆಕ್ಷೇಪವನ್ನು ವಿಚಾರ ಮಾಡೋಣ. ದೇವರ ಹೆಸರು ಬೇರೆ, ಮಳೆಗಾಳಿಗಳ ಹೆಸರು ಬೇರೆ ಎಂದು ಇವರು ಭಾವಿಸಿರುವಂತಿದೆ. ಆದರೆ ಇವರೇ ನಿತ್ಯವೂ ಪಾರಾಯಣ ಮಾಡುವ ವಿಷ್ಣುಸಹಸ್ರನಾಮದಲ್ಲಿ ಪರ್ಜನ್ಯನೆಂಬುದು ಒಂದು ನಾಮ, ಅನಿಲನೆಂಬುದು ಒಂದು ನಾಮ, ಶಿಶಿರನೆಂಬುದು ಒಂದು ನಾಮ. ಋತುವೆಂಬುದೇ ಒಂದು ನಾಮ. ಸತ್ಯ, ಶಾಂತ ಎಂಬ ಗುಣವಾಚಕಗಳೂ ಅಲ್ಲಿಯೇ ಇವೆ. ದೇವೀಮಾಹಾತ್ಮ್ಯದಲ್ಲಿ ದೇವಿಯು ಎಲ್ಲ ಪ್ರಾಣಿಗಳಲ್ಲಿಯೂ ಶ್ರದ್ಧೆಯ ರೂಪದಿಂದ, ಶಾಂತಿಯ ರೂಪದಿಂದ, ದಯೆಯ ರೂಪದಿಂದ ಇರುವಳೆಂದು ಸ್ತುತಿಸಿದೆ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ದಕ್ಷನು ಧರ್ಮನಿಗೆ ಕೊಟ್ಟ ಹದಿಮೂರು ಕನ್ಯೆಯರ ಹೆಸರುಗಳು ಬರುತ್ತವೆ. ಶ್ರದ್ಧಾ, ಮೈತ್ರೀ, ದಯಾ, ಶಾಂತಿ, ತುಷ್ಟಿ, ಪುಷ್ಟಿ, ಮೇಧಾ, ತಿತಿಕ್ಷಾ ಮೊದಲಾದ ಅವೆಲ್ಲವೂ ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇಂದು ಕಾಣಬಹುದಾದಂಥವೇ. ಹೀಗಿರಲು ಈ ಹೆಸರುಗಳಲ್ಲಿ ನವೀನವಾದುದಾಗಲಿ ಧರ್ಮವಿರುದ್ಧವಾದುದಾಗಲಿ ಏನಿದೆ?

ಕೆಲವರು ಇನ್ನೂ ಮುಂದೆ ಹೋಗಿ ಮನುವನ್ನು ಸಾಕ್ಷಿಗೆ ಕರೆಯುವರು. ನದಿ, ವೃಕ್ಷ, ನಕ್ಷತ್ರಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಹೇಳಿರುವುದು ನಿಜ. ಆದರೆ ಈ ವಿಧಿಯನ್ನು ನಮ್ಮ ನಾಡು ಎಂದಾದರೂ ಪಾಲಿಸಿತೆ? ಗಂಗೆ, ತುಂಗೆ, ಕಾವೇರಿ ಎಂಬ ಹೆಸರಿನ ಗೃಹಿಣಿಯರಿಲ್ಲದ ಊರು ನಮ್ಮಲ್ಲಿ ಯಾವುದಿದೆ? ರೋಹಿಣಿ, ರೇವತಿ, ತುಳಸಿಯರನ್ನು ಮದುವೆಯಾದವರೆಲ್ಲರೂ ಪತಿತರಾದರೆ? ಅದೇ ಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಹೆಣ್ಣುಮಕ್ಕಳ ಹೆಸರು ಸುಖವಾಗಿ ಉಚ್ಚರಿಸುವಂತೆಯೂ, ಕ್ರೂರವಲ್ಲದೆ, ಸ್ಪಷ್ಟವಾದ ಅರ್ಥವುಳ್ಳದ್ದಾಗಿಯೂ, ಮಂಗಳಕರವಾಗಿಯೂ ಇರಬೇಕೆಂದಿದೆ. ಮನುವಿನಿಂದ ಒಂದು ಮಾತನ್ನು ಆರಿಸಿಕೊಳ್ಳಬೇಕಾದರೆ ಈ ಸ್ಪಷ್ಟಾರ್ಥವೆಂಬ ಮಾತನ್ನೇ ಆರಿಸಿಕೊಳ್ಳುವುದು ಲೇಸು.

ಜನ್ಮನಕ್ಷತ್ರದ ಪಾದಾಕ್ಷರದಿಂದಲೇ ಹೆಸರು ಮೊದಲಾಗಬೇಕೆಂದು ಹಟ ಹಿಡಿಯುವವರೂ ಉಂಟು. ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳಂತೆ ನೂರೆಂಟು ಅಕ್ಷರಗಳ ಒಂದು ಚಕ್ರವು ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಅದರ ಪ್ರಕಾರ ಆರಿದ್ರೆಯ ಮೂರನೆಯ ಪಾದಕ್ಕೆ ‘ಙ’ಕಾರ, ಹಸ್ತೆಯ ಮೂರನೆಯ ಪಾದಕ್ಕೆ ‘ಣ’ಕಾರ, ಉತ್ತರಾಭಾದ್ರೆಯ ನಾಲ್ಕನೆಯ ಪಾದಕ್ಕೆ ‘ಞ’ಕಾರ. ಙಕಾರದಿಂದ ಮೊದಲಾಗುವ ಒಂದು ಹೆಸರನ್ನು ಯಾವ ಜೋಯಿಸರಾದರೂ ಹೇಳಿಯಾರೆ? ಅಂಥ ಸಂದರ್ಭದಲ್ಲಿ ಅವರೇ ಬೇರೊಂದು ಅಕ್ಷರವನ್ನು ಸೂಚಿಸಿ ಕಾರ್ಯವನ್ನು ಸಾಗಿಸುವರು. ಮೇಲಾಗಿ, ನಕ್ಷತ್ರದ ಹೆಸರು ಕರ್ಮಕ್ಕೆ, ಕರೆಯುವ ಹೆಸರು ವ್ಯವಹಾರಕ್ಕೆ ಎಂದು ಎರಡನ್ನಿಡುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ವ್ಯವಹಾರನಾಮದ ಆಯ್ಕೆಯಲ್ಲಿ ತಂದೆತಾಯಿಗಳಿಗೆ ಸ್ವಾತಂತ್ರ್ಯವುಂಟೆಂಬುದು ಇದರಿಂದಲೇ ಸಿದ್ಧವಾಗುತ್ತದೆ.

ಇನ್ನು, ಮಳೆಯ ಹೆಸರನ್ನು ಮನುಷ್ಯರಿಗೆ ಇಡುವುದು ಹೊಸದೆನ್ನುವವರು ನಮ್ಮ ರೈತರ ಪಂಚಾಂಗವನ್ನು ನೋಡಿದವರಲ್ಲ. ನಮ್ಮ ನಾಡಿನಲ್ಲಿ ನಕ್ಷತ್ರವೆಂದರೆ ಮಳೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರೇ ಹೆಸರು. ಮೇ ತಿಂಗಳ ಕೊನೆಯಲ್ಲಿ ರೋಹಿಣಿ, ಜೂನ್ ತಿಂಗಳ ಕೊನೆಯಲ್ಲಿ ಆರಿದ್ರೆ, ಅಕ್ಟೋಬರ್ ಕೊನೆಯಲ್ಲಿ ಸ್ವಾತಿ. ಅಶ್ವಿನಿ, ರೋಹಿಣಿ, ಚಿತ್ರಾ, ಸ್ವಾತಿ ಎಂದು ಮಗಳನ್ನು ಕರೆಯುವವನು ತಿಳಿದೋ ತಿಳಿಯದೆಯೋ ಮಳೆಯ ಹೆಸರನ್ನೇ ಹಿಡಿದು ಕರೆಯುತ್ತಿದ್ದಾನೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯನ್ನು ಒಳಗೊಂಡ ನಮ್ಮ ಶಿವಮೊಗ್ಗ ಜಿಲ್ಲೆಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಅನ್ನವನ್ನು ಕೊಡುವ ಮಳೆಯ ಹೆಸರು ಮಗುವಿಗೆ ಅಮಂಗಳವಾಗುವುದೆಂಬ ಮಾತನ್ನು ಗದ್ದೆಯ ಬದುವಿನ ಮೇಲೆ ನಿಂತು ಹೇಳುವ ಧೈರ್ಯ ಯಾರಿಗೂ ಇರಲಾರದು.

ಹಿರಿಯರ ವಿಷಯ ಹೀಗಾಯಿತು. ಕಿರಿಯರ ತಪ್ಪು ಇದಕ್ಕಿಂತ ದೊಡ್ಡದು. ಹಿರಿಯರು ಹೆಸರಿಗೆ ಅರ್ಥವಿದೆಯೆಂದು ನಂಬಿ ಅದರ ಸಂಗಡ ಜಗಳವಾಡುತ್ತಾರೆ. ಕಿರಿಯರಿಗೆ ಅರ್ಥದ ಗೊಡವೆಯೇ ಇಲ್ಲ. ಕೈಯಲ್ಲಿರುವ ದೂರವಾಣಿಯನ್ನು ತೆರೆದು ಅಂತರ್ಜಾಲದಲ್ಲಿ ಹಬ್ಬಿರುವ ಪಟ್ಟಿಗಳಲ್ಲಿ ಒಂದನ್ನು ಹಿಡಿದು, ಎರಡು ಅಕ್ಷರವೋ ಮೂರು ಅಕ್ಷರವೋ ಎಂದು ಎಣಿಸಿ, ಕೊನೆಯಲ್ಲಿ ದೀರ್ಘವಿದೆಯೋ ಎಂದು ನೋಡಿ, ಹೆಸರನ್ನು ಗೊತ್ತುಮಾಡುವರು. ಪಟ್ಟಿಯಲ್ಲಿ ಹೆಸರಿನ ಎದುರಿಗೆ ಬರೆದಿರುವ ಅರ್ಥವು ಸರಿಯೋ ತಪ್ಪೋ ಎಂದು ಒಂದು ನಿಘಂಟನ್ನು ತೆರೆದು ನೋಡುವವರು ಎಷ್ಟು ಮಂದಿ?

ಇದರ ಫಲವೇನಾಗಿದೆಯೆಂಬುದಕ್ಕೆ ಕೆಲವು ಉದಾಹರಣೆಗಳು ಸಾಕು. ಹೇಮಂತನೆಂದರೆ ಹೇಮವುಳ್ಳವನು, ಬಂಗಾರದಂಥವನು ಎಂದು ತಿಳಿದಿರುವವರು ಬಹುಮಂದಿ. ಅದು ಮಾರ್ಗಶಿರ ಪುಷ್ಯಮಾಸಗಳ ಚಳಿಗಾಲದ ಹೆಸರೆಂದು ಹೇಳಿದರೆ ಅವರಿಗೆ ನಿರಾಶೆಯಾಗುತ್ತದೆ. ಮೇಘನಾ ಎಂದರೆ ಮೋಡವೆಂದು ಪಟ್ಟಿಗಳು ಹೇಳುತ್ತವೆ. ಮೋಡಕ್ಕೆ ಸಂಸ್ಕೃತದಲ್ಲಿ ಮೇಘವೆಂದು ಹೆಸರು. ಮೇಘನಾ ಎಂಬುದು ಬಾಂಗ್ಲಾದೇಶದ ಒಂದು ಮಹಾನದಿ. ನದಿಯ ಹೆಸರೆಂದು ತಿಳಿದು ಇಟ್ಟರೆ ಚೆನ್ನವೇ. ಮೋಡವೆಂದು ಭ್ರಮಿಸಿ ಇಡುವುದೇಕೆ? ಅನಿಲನೆಂಬ ಸೊಗಸಾದ ಹೆಸರು ಸಂಸ್ಕೃತದಲ್ಲಿ ಗಾಳಿ. ಈಗಿನ ಕನ್ನಡದಲ್ಲಿಯಾದರೋ ಅಡುಗೆಮನೆಯ ಮೂಲೆಯಲ್ಲಿ ನಿಂತ ಉರುಳೆಯೊಳಗಿನ ವಸ್ತುವೂ ಅನಿಲವೇ. ಮಗುವಿಗೆ ಹೆಸರಿಡುವಾಗ ಶಬ್ದದ ಹಳೆಯ ಅರ್ಥವನ್ನು ನೋಡಿದರೆ ಸಾಲದು, ಈಗಿನ ಬಳಕೆಯನ್ನೂ ನೋಡಬೇಕೆಂಬುದಕ್ಕೆ ಇದು ನಿದರ್ಶನ. ಇಂಪೊಂದನ್ನೇ ನೆಚ್ಚುವುದಾದರೆ ಮೃಷಾ ಎಂಬ ಶಬ್ದಕ್ಕಿಂತ ಇಂಪಾದುದು ಯಾವುದು? ಭಾಗವತದಲ್ಲಿ ಅದು ಅಧರ್ಮನ ಹೆಂಡತಿಯ ಹೆಸರು, ಸುಳ್ಳು ಎಂದು ಅದರ ಅರ್ಥ.

ಅಕ್ಷರವರಿಯದ ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ವಿವೇಕಿಗಳಾಗಿದ್ದರು. ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ ಎಂಬ ಹೆಸರುಗಳನ್ನು ಕೇಳಿ ನಾವು ನಗುತ್ತೇವೆ. ಹುಟ್ಟಿದ ಕೂಸುಗಳು ಒಂದಾದ ಮೇಲೊಂದು ಕಣ್ಣುಮುಚ್ಚಿದಾಗ, ಉಳಿದ ಒಂದು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಮೃತ್ಯುವಿಗೆ ಇದರಲ್ಲಿ ಆಸೆ ಹುಟ್ಟದಿರಲೆಂದು ತಿಪ್ಪನೆಂದು ಕರೆದ ತಾಯಿಯ ಸಂಕಟವು ಆ ಹೆಸರಿನಲ್ಲಿದೆ. ಆಕೆ ಅರ್ಥವಿಲ್ಲದ ಒಂದು ಅಕ್ಷರವನ್ನೂ ಉಚ್ಚರಿಸಲಿಲ್ಲ. ಹೆಸರಿನ ಅರ್ಥವು ಮನುಷ್ಯನನ್ನು ಮುಟ್ಟುವುದಿಲ್ಲವೆನ್ನುವವರು ಇನ್ನೊಂದು ಕಡೆಯನ್ನೂ ನೋಡಬೇಕು. ಗಂಡುಮಗುವನ್ನು ಬಯಸಿದ ಮನೆಗಳಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ಸಾಕಮ್ಮನೆಂದು ಹೆಸರಿಟ್ಟು ದೇವರಿಗೆ ಮೊರೆಯಿಟ್ಟುದು ಉಂಟು. ನೆರೆಯ ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆ ‘ನಕುಶಾ’, ಎಂದರೆ ಬೇಡವಾದವಳು, ಎಂದು ಹೆಸರಿಡುತ್ತಿದ್ದರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 285 ಹೆಣ್ಣುಮಕ್ಕಳಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರುಗಳನ್ನು ಕೊಡಲಾಯಿತು. ಹೆಸರು ಬರಿಯ ಧ್ವನಿಯಾಗಿದ್ದರೆ ಅದನ್ನು ಬದಲಾಯಿಸಿಕೊಳ್ಳುವುದಕ್ಕೆ ಅಷ್ಟು ಮಂದಿ ಬಾಲಕಿಯರು ಮುಂದಕ್ಕೆ ಬರುತ್ತಿದ್ದರೆ?

ಅರ್ಥ ಬೇಕೆಂದು ಒಪ್ಪಿದ ಮೇಲೆ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಆ ಅರ್ಥವು ಯಾರಿಗೆ ತಿಳಿಯಬೇಕು? ನಿಘಂಟನ್ನು ತೆರೆದವರಿಗೆ ಮಾತ್ರವೋ, ಮನೆಯಲ್ಲಿ ಮಗುವನ್ನು ಕರೆಯುವ ಎಲ್ಲರಿಗೂ? ಎಲ್ಲರಿಗೂ ಎಂದಾದರೆ ನಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಕನ್ನಡದ ಕಡೆಗೆ. ತುಷಾರವು ಹೆಸರಾಗಬಹುದಾದರೆ ಇಬ್ಬನಿಯು ಏಕಾಗಬಾರದು? ಸಮೀರನನ್ನು ತೊಟ್ಟಿಲಲ್ಲಿ ಮಲಗಿಸುವವರು ಎಲರನ್ನೇಕೆ ಹೊರಗೆ ನಿಲ್ಲಿಸುವರು? ಮಳೆಯ ವಿಷಯದಲ್ಲಿ ಕನ್ನಡಕ್ಕಿರುವ ಸಂಪತ್ತು ಸಾಮಾನ್ಯವಾದುದಲ್ಲ. ಸಣ್ಣಗೆ ಬಿಡದೆ ಸುರಿಯುವುದು ಸೋನೆ, ಹಗುರವಾಗಿ ಸಿಡಿಯುವುದು ತುಂತುರು, ಹಗಲಿರುಳು ಹಿಡಿದು ಬಾರಿಸುವುದು ಜಡಿ, ಬೆಳೆಗೆ ಬೇಕಾದಾಗ ಬರುವುದು ಹದಮಳೆ. ಮುಗಿಲು, ಮಿಂಚು, ತಂಗಾಳಿ, ಬೆಳುದಿಂಗಳು, ನೇಸರು ಎಂಬವನ್ನು ಇದಕ್ಕೆ ಸೇರಿಸಿಕೊಳ್ಳಿರಿ. ಗುಣಗಳ ಕಡೆಗೆ ತಿರುಗಿದರೆ ನಲ್ಮೆ, ಒಲ್ಮೆ, ತಾಳ್ಮೆ, ಜಾಣ್ಮೆ, ಅರಿವು, ಅಕ್ಕರೆ, ನನ್ನಿ. ಕೆಲವು ಮನೆಗಳಲ್ಲಿ ಇಬ್ಬನಿ, ಸೋನೆ, ಮುಗಿಲು ಎಂಬ ಹೆಸರುಗಳು ಈಚೆಗೆ ಕೇಳಿಬರುತ್ತಿರುವುದು ಸಂತೋಷದ ವಿಷಯವೇ. ಆದರೆ ಅದನ್ನು ಕೇಳಿದವರು ‘ಇದೆಂಥ ಹೆಸರು’ ಎಂದು ಹುಬ್ಬೇರಿಸುವುದೂ ತಪ್ಪಿಲ್ಲ.

ಹೀಗೆ ಹುಬ್ಬೇರಿಸುವವರ ವಾದವೇನೆಂದರೆ, ಇವು ಆಡುಮಾತುಗಳು, ಹೆಸರಿಗೆ ತಕ್ಕ ಗಾಂಭೀರ್ಯ ಇವುಗಳಿಗಿಲ್ಲ ಎಂದು. ನಮ್ಮ ಜಿಲ್ಲೆಯ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ಹುಂಚದ ಶಾಂತರರ ವಂಶದಲ್ಲಿ ನನ್ನಿಶಾಂತರನೆಂಬ ಅರಸನಿದ್ದನು. ಗಂಗರ ಇಮ್ಮಡಿ ಬೂತುಗನಿಗೆ ನನ್ನಿಯ ಗಂಗನೆಂಬ ಬಿರುದಿತ್ತು. ನನ್ನಿಯೆಂದರೆ ಸತ್ಯ. ಅಚ್ಚಕನ್ನಡದ ಈ ಗುಣವಾಚಕವು ಸಿಂಹಾಸನದ ಮೇಲೆ ಕುಳಿತಾಗ ಅದರ ಗಾಂಭೀರ್ಯವನ್ನು ಯಾರೂ ಪ್ರಶ್ನಿಸಲಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಕೆಳದಿಯನ್ನಾಳಿ, ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ರಾಣಿಯ ಹೆಸರು ಚೆನ್ನಮ್ಮ. ಚೆನ್ನವೆಂದರೆ ಒಳ್ಳೆಯದು, ಸೊಗಸಾದುದು. ಅದಕ್ಕೆ ಅಮ್ಮನೆಂದು ಸೇರಿಸಿದರೆ ಆಕೆಯ ಹೆಸರಾಯಿತು. ಉಡುತಡಿಯ ಅಕ್ಕಮಹಾದೇವಿ ತನ್ನ ದೇವನನ್ನು ಕರೆದುದೂ ಚೆನ್ನಮಲ್ಲಿಕಾರ್ಜುನನೆಂದು. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯನು ಸಂಸ್ಕೃತದ ತತ್ಸಮ ಶಬ್ದಗಳನ್ನು ಬಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದನು. ಕಾವ್ಯವೊಂದನ್ನು ಹೊರಬಲ್ಲ ಭಾಷೆಯು ಒಂದು ಕೂಸಿನ ಹೆಸರನ್ನು ಹೊರಲಾರದೆ?

ಸಂಸ್ಕೃತದ ಮೇಲೆ ನನಗೆ ದ್ವೇಷವಿದೆಯೆಂದು ಯಾರೂ ಭಾವಿಸಬಾರದು. ಹನ್ನೆರಡನೆಯ ಶತಮಾನದ ವಚನಕಾರ್ತಿಯೊಬ್ಬಳ ಹೆಸರು ಸತ್ಯಕ್ಕ. ಸತ್ಯವೆಂಬ ಸಂಸ್ಕೃತ ಶಬ್ದಕ್ಕೆ ಅಕ್ಕನೆಂಬ ಕನ್ನಡದ ಬಾಂಧವ್ಯವು ಸೇರಿ ಆ ಹೆಸರು ಮನೆಯ ಮಾತಾಗಿದೆ. ಶಾಂತಪ್ಪ, ಶಾಂತಮ್ಮ, ಸತ್ಯಪ್ಪ, ಸತ್ಯಮ್ಮ ಎಂಬವೂ ಹೀಗೆಯೇ ನಮ್ಮವಾದವು. ಕುವೆಂಪು ಅವರು ತಮ್ಮ ಗಂಡುಮಕ್ಕಳಿಗೆ ಇಟ್ಟ ಹೆಸರುಗಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು. ಇವು ಸಂಸ್ಕೃತವೇ, ಆದರೆ ಹುಣ್ಣಿಮೆಯ ಚಂದ್ರನನ್ನೂ, ಕೋಗಿಲೆಯ ದನಿ ಏಳುವ ಚೈತ್ರಮಾಸವನ್ನೂ ಅರ್ಥವರಿತು ಕರೆದ ಹೆಸರುಗಳು. ಯಾವ ಪಟ್ಟಿಯಲ್ಲಿಯೂ ಅವು ಸಿದ್ಧವಾಗಿ ಸಿಕ್ಕುವಂಥವಲ್ಲ. ಶಬ್ದವು ಯಾವ ಭಾಷೆಯದಾದರೂ ಇಷ್ಟು ವಿಚಾರವು ಅದರ ಹಿಂದೆ ಇರಬೇಕೆಂಬುದೇ ನನ್ನ ವಾದ.

ಗುಣವಾಚಕಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕಾಗಿದೆ. ಅದು ಮಳೆಗಾಳಿಗಳ ವಿಷಯಕ್ಕಿಂತ ಗಂಭೀರವಾದುದು. ಈಗ ಪ್ರಚಾರದಲ್ಲಿರುವ ಗುಣನಾಮಗಳನ್ನು ಎರಡು ಸಾಲಾಗಿ ಬರೆದು ನೋಡಿರಿ. ಹೆಣ್ಣುಮಕ್ಕಳ ಸಾಲಿನಲ್ಲಿ ಸಹನಾ, ಕ್ಷಮಾ, ನಮ್ರತಾ, ವಿನೀತಾ, ಸುಶೀಲಾ. ಗಂಡುಮಕ್ಕಳ ಸಾಲಿನಲ್ಲಿ ವಿಜಯ, ವಿಕ್ರಮ, ಪ್ರತಾಪ, ಅಭಯ, ಧೀರಜ. ವಿನಯನೆಂಬ ಗಂಡುಮಗುವೂ ಶೌರ್ಯವನ್ನು ಸೂಚಿಸುವ ಹೆಸರಿನ ಹೆಣ್ಣುಮಗುವೂ ಇಲ್ಲವೆಂದಲ್ಲ. ಆದರೆ ಒಟ್ಟಿನ ಒಲವು ಸ್ಪಷ್ಟವಾಗಿದೆ. ಮಗನು ಗೆಲ್ಲಬೇಕು, ಮಗಳು ತಾಳಿಕೊಳ್ಳಬೇಕು. ಇದು ನಮ್ಮ ನಾಡಿನ ದೋಷ ಮಾತ್ರವಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇದ್ದ ಪ್ಯೂರಿಟನ್ ಪಂಥದವರು ಗುಣಗಳನ್ನೇ ಹೆಸರಾಗಿಡುವುದರಲ್ಲಿ ಬಹಳ ಉತ್ಸಾಹಿಗಳಾಗಿದ್ದರು. ತಾಳ್ಮೆಯೆಂಬ ಅರ್ಥದ ಪೇಷೆನ್ಸ್, ಮೌನವೆಂಬ ಅರ್ಥದ ಸೈಲೆನ್ಸ್ ಎಂಬ ಹೆಸರುಗಳನ್ನು ಅವರು ಇಟ್ಟುದು ಹೆಣ್ಣುಮಕ್ಕಳಿಗೆ. ಮಾತು ಕಲಿಯುವ ಮೊದಲೇ ಕೂಸಿಗೆ ಮೌನವೆಂದು ಹೆಸರಿಡುವುದಕ್ಕಿಂತ ದೊಡ್ಡ ಅನ್ಯಾಯವುಂಟೆ?

ಸಹನೆ ಕ್ಷಮೆಗಳು ಕೆಟ್ಟ ಗುಣಗಳೆಂದು ನಾನು ಹೇಳುತ್ತಿಲ್ಲ. ಅವು ದೊಡ್ಡ ಗುಣಗಳಾದ್ದರಿಂದಲೇ ಅವನ್ನು ಮನೆಯಲ್ಲಿ ಒಬ್ಬಳ ಮೇಲೆ ಮಾತ್ರ ಹೊರಿಸಬಾರದು. ಮಗಳಿಗೆ ಸಹನಾ ಎಂದು ಹೆಸರಿಟ್ಟ ತಂದೆಯು ಊಟ ಹತ್ತು ನಿಮಿಷ ತಡವಾದರೆ ಸಹಿಸುವನೇ? ಕ್ಷಮಾ ಎಂದು ಕರೆದ ಮನೆಯವರು ಆಕೆಯ ಒಂದು ತಪ್ಪನ್ನು ಕ್ಷಮಿಸುವರೇ? ಗುಣದ ಹೆಸರು ಇಡುವವರಿಗೆ ವ್ರತ, ಇಟ್ಟುಕೊಂಡವರಿಗೆ ಆಜ್ಞೆಯಲ್ಲ. ಭಾಗವತದ ಆ ವಂಶಾವಳಿಯಲ್ಲಿ ದಯೆಯ ಮಗನು ಅಭಯನು, ಮೈತ್ರಿಯ ಮಗನು ಪ್ರಸಾದನು, ಶಾಂತಿಯ ಮಗನು ಸುಖನು. ದಯೆಯುಳ್ಳ ಮನೆಯಲ್ಲಿ ಮಾತ್ರ ಮಕ್ಕಳು ಭಯವಿಲ್ಲದೆ ಬೆಳೆಯುವರೆಂದು ಇದನ್ನು ತಿಳಿದುಕೊಂಡರೆ ತಪ್ಪಾಗಲಾರದು. ಅಲ್ಲಿಯೇ ಪುಷ್ಟಿಗೆ ಹುಟ್ಟಿದ ಮಗನು ಸ್ಮಯ, ಎಂದರೆ ಗರ್ವ. ಸಂಪತ್ತು ಬೆಳೆದ ಮನೆಗಳವರು ಇದನ್ನೂ ನೆನಪಿನಲ್ಲಿಡಬೇಕು.

ಕೊನೆಯದಾಗಿ, ಹೆಸರಿಡುವ ಮನೆಗಳವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಅವಸರ ಬೇಡ. 1969ರ ಜನನ ಮರಣ ನೋಂದಣಿ ಕಾಯಿದೆಯು ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ ಹೆಸರನ್ನು ಅನಂತರ ಸೇರಿಸುವುದಕ್ಕೆ ಅವಕಾಶವನ್ನು ಕೊಟ್ಟಿದೆ. ಮನಸ್ಸಿಗೆ ಬಂದ ಶಬ್ದದ ಅರ್ಥವನ್ನು ಪಟ್ಟಿಯಲ್ಲಿ ನೋಡದೆ ನಿಘಂಟಿನಲ್ಲಿ ನೋಡಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ. ಮನೆಯ ಅಜ್ಜಿಯನ್ನು ಕೇಳಿರಿ. ಮಳೆಯ ಹೆಸರುಗಳು ಕೋಶಕ್ಕಿಂತ ಆಕೆಗೆ ಹೆಚ್ಚು ತಿಳಿದಿರುತ್ತವೆ. ಗುಣವಾಚಕವನ್ನು ಆರಿಸುವುದಾದರೆ, ಇದನ್ನು ಮಗನಿಗೂ ಮಗಳಿಗೂ ಒಂದೇ ಮನಸ್ಸಿನಿಂದ ಇಡಬಲ್ಲೆವೇ ಎಂದು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರಿ.

ಮಗು ನಾಲ್ಕೈದು ವರ್ಷದ್ದಾದಾಗ ‘ನನ್ನ ಹೆಸರೆಂದರೆ ಏನು?’ ಎಂದು ಕೇಳಿಯೇ ಕೇಳುತ್ತದೆ. ಆಗ ಅದನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಹುಲ್ಲಿನ ಮೇಲಿನ ಇಬ್ಬನಿಯನ್ನು ತೋರಿಸಬಲ್ಲ ತಂದೆತಾಯಿಗಳಿಗೂ, ಯಾವುದೋ ಪಟ್ಟಿಯಲ್ಲಿ ಸಿಕ್ಕಿತೆಂದು ಹೇಳಿ ಸುಮ್ಮನಾಗಬೇಕಾದ ತಂದೆತಾಯಿಗಳಿಗೂ ಬಹಳ ಅಂತರವಿದೆ. ನಮ್ಮ ಜಿಲ್ಲೆಯ ಮನೆಗಳವರು ಮೊದಲನೆಯ ಪಂಕ್ತಿಯಲ್ಲಿ ನಿಲ್ಲಬೇಕೆಂದು ಹಾರೈಸುತ್ತೇನೆ.